ಸಾಸಿವೆಯಷ್ಟು ದೂರ

ಎರಡು ಪರ್ಸೆಂಟ್ ಕೊಬ್ಬಿನ ಹಾಲು, ಮೂರೇ ತೊಟ್ಟು.
ಅಷ್ಟು ಸಾಕು ಒಂದಡಿ ಗಾಜಿನ ತೊಟ್ಟಿಯ ನೀರಿಗೆ.
ಹೆಚ್ಚಾದರೆ ಬೆಳಕು ದಾರಿ ತಪ್ಪಿ ಎಲ್ಲ ಕಡೆ ಸೋರುತ್ತದೆ,
ಕಡಿಮೆಯಾದರೆ ಹಾದುಹೋದದ್ದೇ ಗೊತ್ತಾಗುವುದಿಲ್ಲ.
ಇದನ್ನು ನಮ್ಮ ಯಾವ ಪ್ರಬಂಧದಲ್ಲೂ ಬರೆದಿಲ್ಲ;
ನನ್ನ ಕೈಗೆ ಗೊತ್ತು, ಸಾರಿನ ಉಪ್ಪು ಗೊತ್ತಿರುವ ಹಾಗೆ.

ರಾಚೆಸ್ಟರಿನ ಫೆಬ್ರವರಿ. ಸರೋವರದ ಕಡೆಯಿಂದ ಬಂದ ಹಿಮ
ನೆಲಮಾಳಿಗೆಯ ಕಿಟಕಿ ಮುಚ್ಚಿ ಮೂರು ದಿನ.
ನಮಗೇನು, ಕತ್ತಲು ಬಿಟ್ಟಿ ಸಿಕ್ಕಿತು.

ಗುರುವಾರ ಮಧ್ಯಾಹ್ನ ಹೆಲೆನ್ ವಾಸಿಲೆವ್‌ಸ್ಕಿ ಬಂದಳು,
ಎಂಬತ್ತೆರಡು ವರ್ಷ, ಬೂಟಿನ ತುಂಬ ರಸ್ತೆಯ ಉಪ್ಪಿನ ಕಲೆ,
ಫಿಲ್ಮ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಗವ್ವೆನ್ನುವ ಕತ್ತಲಲ್ಲಿ ದುಡಿದವಳು.
"ನಮ್ಮಲ್ಲಿ ಬೆಳಕೆಂದರೆ ಕಳ್ಳ," ಅಂದಳು,
"ಬಾಗಿಲ ಸಂದಿಯಿಂದ ಒಂದೆಳೆ ನುಗ್ಗಿದರೂ
ಮೈಲಿಗಟ್ಟಲೆ ಫಿಲ್ಮು ಕಸಕ್ಕೆ.
ನೀವು ಅದನ್ನು ಕೂರಿಸಿ ಫೋಟೋ ತೆಗೀತೀರಂತೆ?"
ಕೂರುವುದಿಲ್ಲ, ಅಂದೆ. ಓಡುವಾಗಲೇ ತೆಗೆಯಬೇಕು.

ನಿಮಿಷವೆಂದರೆ ಮೊದಲಿಗೆ ರೆಪ್ಪೆಯ ಒಂದು ಬಡಿತ;
ಆಮೇಲೆ ಅರವತ್ತು ಸೆಕೆಂಡಿಗೆ ಊದಿಕೊಂಡಿತು.
ಆ ಹಳೆಯ ನಿಮಿಷದೊಳಗೆ ಬೆಳಕು
ಭೂಮಿಗೆ ಎರಡು ಪ್ರದಕ್ಷಿಣೆ ಮುಗಿಸಿ ಮೂರನೆಯದಕ್ಕೆ ಹೊರಟಿರುತ್ತದೆ.
ನಮ್ಮ ಕ್ಯಾಮೆರಾ ದೇವತೆಗಳ ಹಾಗೆ ಅನಿಮಿಷ.
ಸೆಕೆಂಡಿಗೆ ಹತ್ತು ಸಾವಿರ ಕೋಟಿ ಚಿತ್ರ:
ಬಾಯಲ್ಲಿ ಹೇಳಿದರೆ ಯಾರಿಗೂ ಹೊಟ್ಟೆ ತುಂಬದ ಸಂಖ್ಯೆ.
ಅದಕ್ಕೇ ಹೀಗೆ ಹೇಳಿದೆ, ಒಂದು ಚಿತ್ರದಿಂದ ಇನ್ನೊಂದಕ್ಕೆ
ಅದು ನೀರಲ್ಲಿ ನಡೆಯುವುದು ಒಂದು ಸಾಸಿವೆಯಷ್ಟು ದೂರ.
"ಉಪ್ಪಿನಕಾಯಿಯ ಸಾಸಿವೆ ತಾನೆ?"
ಅದೇ.
ಅವಳ ಎರಡು ಬೆರಳು ಇಲ್ಲದ ಕಾಳನ್ನು ಉಜ್ಜಿ ನೋಡಿದವು.

ಒಂದೇ ಹೊಡೆತ. ಪರದೆಯ ಮೇಲೆ
ಎಡದಿಂದ ಬಲಕ್ಕೆ ಹೊರಟಿತು
ಬತ್ತಿಯಿಂದ ಕಳಚಿಕೊಂಡ ಕುಡಿ,
ದಾರ ಬಿಚ್ಚದ ಒಂದು ಬಿಳಿ ಗಂಟು.
ಹೆಲೆನ್ ಉಸಿರು ಬಿಡಲಿಲ್ಲ.

ಆಮೇಲೆ ನಾನು ಹರಳಿನ ಬಿಲ್ಲೆಯನ್ನು
ನಲವತ್ತೈದು ಡಿಗ್ರಿ ತಿರುಗಿಸಿದೆ. ಅಷ್ಟೇ.
ಅದೇ ಲೇಸರು, ಅದೇ ನೀರು, ಅದೇ ಹಾಲು.
ಪರದೆಯಲ್ಲಿ ಬೂದಿಯಂಥ ಮಬ್ಬು ಮಾತ್ರ.
"ಎಲ್ಲಿ ಹೋಯಿತು?"
ಹೋಗುತ್ತಲೇ ಇದೆ. ತೊಟ್ಟಿಯಾಚೆಯ ಮೀಟರಿನ ಮುಳ್ಳು
ಮೊದಲಿನಷ್ಟೇ ಜಿಗಿದಿದೆ.
ಆಗ ಅದರ ತುಯ್ದಾಟ ಮೇಲೆ ಕೆಳಗೆ ಇತ್ತು,
ಪಕ್ಕದಲ್ಲಿ ನಿಂತ ನಮಗೂ ಒಂದಿಷ್ಟು ಚೆಲ್ಲುತ್ತಿತ್ತು.
ಈಗ ನಮ್ಮತ್ತ ಬಂದು, ನಮ್ಮಿಂದ ಹಿಂದೆ ಸರಿದು ತುಯ್ಯುತ್ತಿದೆ.
ನೇರ ನಮ್ಮತ್ತಲೇ ತುಯ್ಯುವುದು ನಮಗೆ ಕಾಣುವುದಿಲ್ಲ.
ಧ್ರುವೀಕರಣ ಎಂಬ ಪದ ನಾಲಿಗೆಯ ತುದಿಗೆ ಬಂದು
ಬೇಡವಾಗಿ ಒಳಗೆ ಹೋಯಿತು.

ಅವಳು ಬಹಳ ಹೊತ್ತು ಆ ಮಬ್ಬನ್ನೇ ನೋಡಿದಳು.
"ಬರ್ಟ್ ಕೋವಲ್ ಅಂತ ಒಬ್ಬ.
ಹನ್ನೊಂದು ವರ್ಷ ನನ್ನ ಪಕ್ಕದ ಯಂತ್ರ, ಲವಂಗ ಅಗಿಯುತ್ತಿದ್ದ.
ಕತ್ತಲ ಓಣಿಯ ತಿರುವಿನಲ್ಲಿ ಢಿಕ್ಕಿಯಾಗದಿರಲೆಂದು
ಎಲ್ಲರೂ ಸಿಳ್ಳೆ ಹಾಕಬೇಕು, ಅದು ರೂಲು.
ಅವನದು ಎರಡು ಸ್ವರ, ಎರಡನೆಯದು ಸ್ವಲ್ಪ ಶ್ರುತಿ ಕೆಟ್ಟದ್ದು.
ಒಂದು ದಿನ ಕ್ಯಾಂಟೀನಿನಲ್ಲಿ ಎದುರು ಕೂತವನು
ಬಾಯ್ತುಂಬ ತಿನ್ನುತ್ತ ಉಪ್ಪಿನ ಡಬ್ಬಿಯತ್ತ ಕೈ ತೋರಿಸಿದ.
ಕೊಟ್ಟೆ. ಮುಖ ನೋಡಿದೆ. ಯಾರೋ ಅಂದುಕೊಂಡೆ."

ಅಷ್ಟಕ್ಕೇ ನಿಲ್ಲಿಸಿದಳು. ನಾನೂ ಕೇಳಲಿಲ್ಲ.
ಬಿಲ್ಲೆಯನ್ನು ತಾನೇ ಹಿಂದಕ್ಕೆ ತಿರುಗಿಸಿದಳು,
ನೋಡದೆ, ಬೆರಳಿನ ನೆನಪಿನಲ್ಲಿ.
ಸಾಸಿವೆ ಸಾಸಿವೆಯಾಗಿ ಗಂಟು ಮತ್ತೆ ಬಂತು.

ಸಂಜೆ ತೊಟ್ಟಿ ಬಗ್ಗಿಸಿ ತೊಳೆದಿಟ್ಟೆ,
ಹಾಲಿನ ನೀರು ರಾತ್ರಿ ಕಳೆದರೆ ನಾರುತ್ತದೆ.
ಕಾರಿಡಾರಿನ ದೀಪ ಕೆಟ್ಟು ವಾರವಾಗಿತ್ತು.
ತಿರುವಿನಾಚೆ ಯಾರೂ ಇರಲಾರರೆಂದು ಗೊತ್ತಿದ್ದೂ
ನಿಂತು ಸಿಳ್ಳೆ ಹಾಕಿದೆ, ಎರಡು ಸ್ವರ.
ಎರಡನೆಯದು, ಬೇಕೆಂದಲ್ಲ, ತುಸು ತಪ್ಪಿತು.