ಅಳತೆ ಪುಸ್ತಕ

ರೈಲ್ವೆ ಗೇಟು ಬಿದ್ದಿತ್ತು, ಅದಕ್ಕೇ ಒಳಗೆ ಬಂದಳು.
ಇಲ್ಲದಿದ್ದರೆ ನನ್ನ ಅಂಗಡಿಯ ಮೂರು ಮೆಟ್ಟಿಲು
ಯಾಕೆ ಹತ್ತುತ್ತಿದ್ದಳು ಕೊಟ್ರಮ್ಮ,
ಒಂಬತ್ತು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು?
ಗೂಡ್ಸು ಗಾಡಿ. ಐವತ್ತೆಂಟು ಡಬ್ಬಿ.
ಅಷ್ಟು ಎಣಿಸುವ ಹೊತ್ತು ಸ್ಟೂಲಿನ ಮೇಲೆ ಕುಂತಳು.

"ಏನಾಗೇತಿ ಕೂಸಿಗೆ?" ಅಂತ ನಾನು ಕೇಳಲಿಲ್ಲ.
ಒಳ್ಳೆಯತನದಿಂದಲ್ಲ, ಸುಳ್ಳು ಯಾಕೆ ಹೇಳಲಿ,
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ.
ಅವಳೇ ಶುರು ಮಾಡಿದಳು:
"ಅಕ್ಕಾ, ಇವಳ ಕೈ ಮಡಚಲ್ಲ, ಮಡಚಿದರೆ ಬಿಚ್ಚಲ್ಲ.
ಒಂದು ಅಂಗಿ ತೊಡಿಸೋಕೆ ಅರ್ಧ ತಾಸು.
ಅಷ್ಟೊತ್ತಿಗೆ ಇವಳೂ ಅತ್ತಿರತಾಳೆ, ನಾನೂ."
ಗೇಟು ಎದ್ದಿತು. ಅವಳು ಏಳಲಿಲ್ಲ.

ಮೂವತ್ತೊಂದು ವರ್ಷ ಟೇಪು ಹಿಡಿದ ಕೈ ನನ್ನದು.
ಮೈ ಅಂದರೆ ನೆಟ್ಟಗೆ ನಿಲ್ಲುವುದು,
ತೋಳು ಅಂದರೆ ಎತ್ತು ಅಂದಾಗ ಎತ್ತುವುದು
ಅಂತಲೇ ತಿಳಿದಿದ್ದೆ.
ಇಂಪನಾ ಎತ್ತಲಿಲ್ಲ. ಟೇಪಿನ ತುದಿ ಬಾಯಿಗಿಟ್ಟಳು,
ಹದಿನಾಲ್ಕನೇ ಇಂಚಿನವರೆಗೂ ಜೊಲ್ಲು.
ಹಿಡಿದಷ್ಟೂ ಬಿಗಿಯಾಗುವ ಬೆನ್ನು
ತಬಸ್ಸುಮ್ ಮಿಷನ್ನು ತುಳಿದಾಗ ಮಾತ್ರ
ಆ ಸದ್ದಿಗೆ ಮೆಲ್ಲಗೆ ಸಡಿಲಾಯಿತು.
ತುಳಿಯೇ, ಖಾಲಿ ಮಿಷನ್ನೇ ತುಳಿ, ಅಂದೆ.
ನೆಲಕ್ಕೆ ಕುಂತು ಅಳತೆ ತಗೊಂಡೆ.

ಮೊದಲನೆಯದು ಕೆಟ್ಟಿತು. ಎರಡನೆಯದೂ.
ಹೊಲಿಗೆ ಒತ್ತಿ ಬೆನ್ನೆಲ್ಲ ಕೆಂಪು.
ಮೂರನೆಯದಕ್ಕೆ ಹೊಲಿಗೆಯನ್ನೆಲ್ಲ ಹೊರಗೆ ಹಾಕಿದೆ,
ಭುಜದಿಂದ ಸೊಂಟದವರೆಗೆ ಒಂದು ಪಕ್ಕ ಪೂರ್ತಿ ತೆರೆದೆ,
ಗುಂಡಿ ಬಿಟ್ಟು, ಸ್ಕೂಲ್ ಬ್ಯಾಗಿಗೆ ಹಚ್ಚುತ್ತಾರಲ್ಲ,
ಚರ್ರ್ ಅನ್ನುವ ಪಟ್ಟಿ, ಅದನ್ನು ಹಚ್ಚಿದೆ.
ಮಲಗಿಸಿ, ಹೊದಿಸಿ, ಒತ್ತಿದರೆ ಆಯಿತು.
ಎರಡು ನಿಮಿಷ.
ಕೊಟ್ರಮ್ಮ ಗೋಡೆ ಗಡಿಯಾರ ನೋಡಿದಳು,
ಮಿಕ್ಕ ಇಪ್ಪತ್ತೆಂಟು ನಿಮಿಷ ಎಲ್ಲಿಡಲಿ ಅನ್ನುವಂತೆ.

ಇಂಪನಾಗೆ ಆ ಸದ್ದೇ ಹಬ್ಬ.
ಎಳೆಯುವಳು, ಚರ್ರ್, ನಗುವಳು,
ಮತ್ತೆ ಒತ್ತಿಸಿಕೊಳ್ಳುವಳು.
ತೊಡಲು ಹೊಲಿದದ್ದನ್ನು ಬಿಚ್ಚಲು ಕಲಿತಳು.
ಇರಲಿ, ಅದೂ ಒಂದು ವಿದ್ಯೆ.

ಆಮೇಲೆ ಗೇಟು ಬೀಳದಿದ್ದರೂ ಬಂದರು.
ಕಾಲರ್ ತಾಗಿದರೆ ಕಿರುಚುವ ಮಗನ ಜೊತೆ
ನಿಟುವಳ್ಳಿಯ ಮೇಷ್ಟ್ರೊಬ್ಬರು;
ಹದಿಮೂರರ ಮೊಮ್ಮಗನಿಗೆ ಇಪ್ಪತ್ತು ಚಡ್ಡಿ ಒಂದೇ ಸಲ ಬೇಕು ಅಂತ
ಮಂಡಕ್ಕಿ ಭಟ್ಟಿಯ ಹಾಜಿರಾಬಿ, ಸೆರಗಲ್ಲಿ ಇನ್ನೂ ಹೊಟ್ಟು;
ಹರಪನಹಳ್ಳಿ ಬಸ್ಸಿಳಿದ ಒಬ್ಬಳು ಏನೂ ಹೊಲಿಸದೆ
ಕೊಟ್ರಮ್ಮನ ಪಕ್ಕ ಕುಂತು ಅತ್ತು
ಚಾ ಕುಡಿದು ಹೋದಳು.
ನನ್ನಲ್ಲಿದ್ದದ್ದು ಒಂದೇ ಸ್ಟೂಲು.
ಎದುರಿನ ಖಾನಾವಳಿಯವನು ಬೆಂಚು ಕೊಟ್ಟ,
ಇನ್ನೂ ವಾಪಸ್ ಕೇಳಿಲ್ಲ.

ಉಗಾದಿ ಹತ್ತಿರ ಬಂತು. ಅಂದೆ,
"ನಿನಗೊಂದು ರವಿಕೆ ಹೊಲಿತೀನಿ ಬಾರೇ."
"ನನಗ್ಯಾಕಕ್ಕಾ?"
ಮೈಮೇಲಿದ್ದದ್ದು ತಂಗಿಯದು, ಬಗಲಲ್ಲಿ ಹರಿದಿತ್ತು.
ಟೇಪು ಹಿಡಿದೆ. ಎಡಭುಜ ಸರಿ.
ಬಲಭುಜ ಒಂದೂವರೆ ಇಂಚು ಕೆಳಗೆ.
ಮತ್ತೆ ಹಿಡಿದೆ. ಒಂದೂವರೆಯೇ.
ಒಂಬತ್ತು ವರ್ಷ ಟೇಪಿಗೆ ಸಿಗುತ್ತದೆ ಅಂತ
ನನಗೆ ಗೊತ್ತಿರಲಿಲ್ಲ.

"ಒಳಗೊಂದು ಪ್ಯಾಡ್ ಇಟ್ಟರೆ ಸಮ ಕಾಣತೈತಿ. ಇಡಲಾ?"
ಕನ್ನಡಿ ನೋಡಲಿಲ್ಲ, ಮಗಳನ್ನು ನೋಡಿದಳು.
"ಬ್ಯಾಡಕ್ಕಾ. ಇವಳು ತಲೆ ಇಡೋ ಜಾಗ ಅದು.
ಗಟ್ಟಿ ಆದರೆ ನಿದ್ದಿ ಬರಲ್ಲ."

ಪುಸ್ತಕದಲ್ಲಿ ಬರೆದುಕೊಂಡೆ:
ಕೊಟ್ರಮ್ಮ. ತೋಳು ಒಂಬತ್ತು. ಎದೆ ಮೂವತ್ತಾರು.
ಬಲಭುಜ ಇದ್ದಂತೆ.
ಕೂಲಿಯ ಜಾಗ ಖಾಲಿ ಬಿಟ್ಟಿದ್ದೆ.
ಜಗಳ ಮಾಡಿ ನೂರಿಪ್ಪತ್ತು ಬರೆಸಿದಳು.