ನಡುಮನಿ ಫರಸಿ

ಚಿತ್ತಾಪುರದ ಕಚೇರ್ಯಾಗ ಫಾರ್ಮಿನ ಮ್ಯಾಲ ಒಂದು ಖಾನೆ:
ಅವಿವಾಹಿತೆ, ವಿಧವೆ, ವಿಚ್ಛೇದಿತೆ.
ಒಂದಕ್ಕ ಗುರುತು ಹಾಕ್ರಿ ಅಂದ ಕ್ಲಾರ್ಕ,
ಬಶಿಯೊಳಗಿನ ಚಹಾ ಊದಿಕೋತ.
ಪೆನ್ನು ಹಿಡಿದು ಕುಂತೆ.
ಏಳು ವರ್ಷ ಊರ ಬಾಯಾಗಿದ್ದ ಆ ಶಬ್ದಕ್ಕ
ನನ್ನ ಕೈ ತಾಗಿದ್ದಿಲ್ಲ ಇಲ್ಲೀತನಕ.
ಬಾಜೂಕ ಶಿವಶರಣ,
ಕೋರ್ಟಿನ ಕಾಗದ ಎರಡು ಸಲ ಝೆರಾಕ್ಸ ಮಾಡಿಸಿ ತಂದಾಂವ,
ಪೆನ್ನಿನ ಟೊಪ್ಪಿಗಿ ಹಲ್ಲಾಗ ಕಚ್ಚಿಕೊಂಡು
ಕಿಡಕಿ ಹೊರಗ ನೋಡ್ತಿದ್ದ.

ಸಾಕ್ಷಿ ಮೂವರು ಬೇಕು. ಮೊದಲನೇದು ಯಾರು?
ನಾನು, ಅಂದಳು ಚಂದಮ್ಮ.
ಹೆಣ್ಣಿನ ಅವ್ವೇನ್ರಿ ನೀವು?
ಅಲ್ಲೋ ಯಪ್ಪಾ. ಸತ್ತ ಗಂಡನ ಅವ್ವ.
ಕ್ಲಾರ್ಕನ ಬಶಿ ತುಟಿಗಿ ಹೋಗಲಿಲ್ಲ ಒಂದು ಗಳಿಗಿ.
ಮುದುಕಿ ಹೆಬ್ಬೆಟ್ಟು ಮುಂದ ಮಾಡಿದಳು:
ಹಚ್ಚು ಮಸಿ, ಹೊತ್ತು ಏರ್ಲಾಕತ್ಯಾದ.

ಆಕಿ ಉಡಕಿ ಆದದ್ದು ಅಮಾಸಿ ರಾತ್ರ್ಯಾಗ.
ಹಿತ್ತಲ ಕದಾ ಸರಿಸಿ, ಕಂದೀಲ ಸಣ್ಣ ಮಾಡಿ,
ಒಂದು ಸೀರಿ, ಒಂದು ಚೂರು ಬೆಲ್ಲ.
ಓಣಿ ಮುತ್ತೈದೇರು ಆ ಕಡಿ ಮಾರಿ ಮಾಡಿ ಮಲಗಿದ್ದರಂತ.
ಮುಂಜಾನಿ ಬಾವಿಗಿ ಹೋದ್ರ
ಮೊದಲು ಕೊಡಾ ಹಿಂದ ಸರದವಂತ, ಆಮ್ಯಾಲ ಹೆಂಗಸರು.
"ನಾ ಕತ್ತಲದಾಗ ಮನಿ ಹೊಕ್ಕಾಕಿ,
ನೀ ಬಿಸಲಾಗ ಹೋಗು," ಅಂದಿದ್ದಳು
ಜ್ವಾಳದ ಹಿಟ್ಟು ನಾದಕೋತ,
"ಹನ್ನೆರಡಕ್ಕ. ನೆರಳು ಕಾಲಾಗ ಬೀಳೋ ಹೊತ್ತಿಗಿ."
ಆ ಉಡಕಿ ಹೊಟ್ಟ್ಯಾಗ ಹುಟ್ಟಿದಾಂವ ರೇವಣಸಿದ್ಧ,
ನನ್ನ ಗಂಡ.
ಆ ರಾತ್ರಿ ಆಕಿ ಬ್ಯಾಡ ಅಂದಿದ್ರ
ನನಗೆಲ್ಲಿ ಸಿಗ್ತಿದ್ದ ಅಂವಾ?

ಶಾಹಾಬಾದದ ಪಾಲಿಶ ಮಶೀನಿನ ಮ್ಯಾಲ ದುಡೀತಿದ್ದ.
ಮನಿಗಿ ಬಂದ್ರ ರೆಪ್ಪಿ ಮ್ಯಾಲ ಕಲ್ಲಿನ ಹಿಟ್ಟು.
ಒಡಕ ಫರಸಿ ಒಂದೊಂದೇ ಸೈಕಲ್ಲಿಗಿ ಕಟಗೊಂಡು ತಂದು
ನೆಲಾ ಹಾಸಿದ. ಒಂದರಂಗ ಇನ್ನೊಂದಿಲ್ಲ,
ನೀಲಿ, ಬೂದಿ, ಒಂದರಾಗ ಅರಿಷಿಣದ ಗೆರಿ.
ನಡುಮನ್ಯಾಗ ಒಂದು ಮಾತ್ರ ಕೂಡಲಿಲ್ಲ.
ನಾಳಿ ಸಿಮಿಟಿ ತರ್ತೀನಿ ಅಂದ.
ಕೆಮ್ಮು ಬಂತು. ಸಿಮಿಟಿ ಬರಲಿಲ್ಲ.
ಕಾಲಿಟ್ಟರ ಟಕ್ ಅಂತದ ಅದು.
ರಾತ್ರಿ ಪಾಳಿ ಮುಗಿಸಿ ಬಂದ್ರ
ಕದದ ಸಪ್ಪಳಕಿಂತ ಆ ಟಕ್ಕಿಗೇ ನನಗ ಎಚ್ಚರ.

ಶಿವಶರಣ ಮೊದಲ ದಿನ ಬಂದಾಗ
ಚಪ್ಪಲಿ ಬಿಟ್ಟು, ಕಾಲು ತೊಳದು,
ಮೂರನೇ ಹೆಜ್ಜಿಗೇ ತುಳದ ಅದನ್ನ.
ವಾಡಿ ಫ್ಯಾಕ್ಟ್ರ್ಯಾಗ ದುಡಿಯೋ ಮನುಷ್ಯಾ,
ಒಂದು ಡಬ್ಬಿ ಸಿಮಿಟಿ ಸಾಕು, ಐತವಾರ ಕೂಡಿಸಿ ಕೊಡ್ತೀನಿ ಅಂದ.
ಬ್ಯಾಡ, ಅಂದೆ.
ದನಿ ಜೋರಾಯ್ತು.
ಯಾಕ ಅಂತ ಕೇಳಲಿಲ್ಲ. ಚಹಾ ಕುಡದ.
ಹೋಗಬೇಕಾದ್ರ ಆ ಫರಸಿ ಸುತ್ತು ಹಾಕಿ ಹೋದ,
ಮಲಗಿದ ಕೂಸಿನ ಬಾಜೂಲೆ ಹಾದಂಗ.
ಖರೇ ಹೇಳಬೇಕಂದ್ರ ಅವತ್ತೇ ನಾ ಹೂಂ ಅಂದದ್ದು.
ಹಿರೇರ ಮುಂದ ಅಂದದ್ದು
ಬರೇ ಬಾಯಿಲಿಂದ.

ಮಗಳು ವಾರ ಮಾತಾಡಲಿಲ್ಲ.
ಆಮ್ಯಾಲ ಒಂದಿನ ಸ್ಟೂಲ ಹತ್ತಿ
ಅಪ್ಪನ ಫೋಟೊ ಒರಸಿ, ವಾಲಿದ್ದು ನೆಟ್ಟಗ ಮಾಡಿ,
ಇದು ಇಲ್ಲೇ ಇರ್ತದಲ್ಲ? ಅಂದಳು.
ಇಲ್ಲೇ.
ಅವರು ನನ್ನ ಪರೀಕ್ಷಾ ಸೆಂಟರಿಗಿ ಗಾಡಿ ಮ್ಯಾಲ ಬಿಡ್ತಾರೇನು?

ಕಚೇರಿಲಿಂದ ಬರಬೇಕಾದ್ರ ಹನ್ನೆರಡೂವರಿ.
ರಣ ಬಿಸಲು. ಓಣಿ ಕಟ್ಟಿ ಮ್ಯಾಲ ಯಾರೂ ಇಲ್ಲ,
ನೋಡ್ಲಿ ಅಂತ ಮುದುಕಿ ಆರಿಸಿದ ಹೊತ್ತಿಗಿ
ನೋಡೋರೇ ಇದ್ದಿಲ್ಲ.
ಆಕಿ ನಿಂತು, ಮುಚ್ಚಿದ ಕದಗೋಳಿಗಿ ಕೇಳೋಹಂಗ
ಎರಡು ಸಲ ಕೆಮ್ಮಿ ಒಳಗ ಬಂದಳು.

ನಿನ್ನಿ ಅಂವಾ ಎರಡನೇ ಪಾಳಿ ಮುಗಿಸಿ ಬಂದ.
ದೂರ ಗೂಡ್ಸ ಗಾಡಿ ಒಂದ ಸವನ ಎಳೀತಿತ್ತು.
ಕತ್ತಲದಾಗ ಗುರುತು ತಪ್ಪಿತೇನೋ,
ಟಕ್.
ನಾ ಎದ್ದು ಕುಂತೆ.
ಆ ಕಡಿ ಹೊರಸಿನ ಮ್ಯಾಲಿಂದ ಮುದುಕಿ,
ಯಾರು?
ಒಂದು ಕಾಲು ಫರಸಿ ಮ್ಯಾಲ ಇಟ್ಟಂವಾ
ಇನ್ನೊಂದು ಎತ್ತಲಾರದ ನಿಂತ.
ನಾನ್ರಿ, ಅಂದ. ಹೆಸರು ಹೇಳಲಿಲ್ಲ.
ಗಳಿಗಿ ಹೊತ್ತು ಏನೂ ಇಲ್ಲ.
ಕೌದಿ ಎಳಕೊಂಡ ಸಪ್ಪಳ ಆಮ್ಯಾಲ.
ಬಾಗಲಾ ಮುಂದ ಮಾಡು, ಥಂಡಿ ಬರ್ತದ.
ರೊಟ್ಟಿ ಬುಟ್ಟ್ಯಾಗ ಅವ.