ಬುಧವಾರದವಳು

ನನ್ನ ಹೆಸರು ಹೆದ್ವಾ. ಇಲ್ಲಿ ಅದು ಯಾರಿಗೂ ಬೇಕಿಲ್ಲ.
ಗೇಟಿನಾಚೆ ಕತ್ತಲಲ್ಲಿ ಸಾಲು ನಿಂತವರು
ಕರೆಯುವುದು ಬುಧವಾರದವಳು ಎಂದು.
ಭಾನುವಾರದವಳು ಬೇರೆ. ಅವಳಿಗೆ ಮಂಡಿನೋವು,
ಈಚೆಗೆ ಬರುತ್ತಿಲ್ಲ.

ನಾಲ್ಕಕ್ಕೆ ಏಳುತ್ತೇನೆ. ಫ್ಲಾಸ್ಕಿಗೆ ಚಹಾ,
ಚೀಲಕ್ಕೆ ಟಾರ್ಚು, ಎರಡು ಪೆನ್ನು;
ಚಳಿಗೆ ಒಂದು ಕೈಕೊಡುತ್ತದೆ.
ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದವಳು,
ಈಗ ಹಾಜರಿದ್ದವರನ್ನು ಬರೆದುಕೊಳ್ಳುತ್ತೇನೆ.
ಕೂಗುವ ಕೆಲಸ ಸೈನಿಕರದ್ದು.

ಬರೆಯುವುದು ಇಷ್ಟೇ:
ತೆರೆಯಬೇಕಾದದ್ದು ಐದೂವರೆಗೆ,
ತೆರೆದದ್ದು ಐದು ಐವತ್ತೆರಡಕ್ಕೆ.
ಟ್ರ್ಯಾಕ್ಟರು ಮೂರು, ಕತ್ತೆ ಎರಡು, ಜನ ನಲವತ್ತೊಂದು.
ಒಬ್ಬ ವಾಪಸು ಹೋದ,
ಪರವಾನಗಿಯ ತಾರೀಖು ನಿನ್ನೆಗೆ ಮುಗಿದಿತ್ತು.
ರಸ್ಮೀಯಾ ಬಂದಳು, ಅವಳ ಏಣಿ ಬರಲಿಲ್ಲ.

ಏಣಿ ಯಾಕೆ ಕೂಡದು, ಕೇಳಿದೆ.
ಮೀಸೆ ಮೂಡಲೋ ಬೇಡವೋ ಎನ್ನುತ್ತಿದ್ದ ಹುಡುಗ
'ಬೇಲಿ ಇದೆಯಲ್ಲ ಅಜ್ಜಿ' ಎಂದ.
ಅವಳು ಏನೂ ಅನ್ನದೆ
ಏಣಿಯನ್ನು ಆ ಬೇಲಿಗೇ ಒರಗಿಸಿಟ್ಟು
ಬರಿಗೈಯಲ್ಲಿ ತನ್ನ ಆಲಿವ್ ಮರಗಳ ಕಡೆ ನಡೆದಳು.
ಕಾಯಿ ತುಂಬಿದ್ದೆಲ್ಲ ತುದಿಯಲ್ಲಿ.

ದೂರಿನ ನಂಬರಿಗೆ ಫೋನು ಮಾಡಿದೆ.
ಪರಿಶೀಲಿಸುತ್ತೇವೆ ಎಂದರು. ಅದನ್ನೂ ಬರೆದೆ.
ಇಲ್ಲಿಯ ಬೇಲಿ ಮೊದಲು ಹೊಲ ಮೇಯ್ದಿತು,
ಈಗ ಹೊತ್ತು ಮೇಯುತ್ತಿದೆ,
ದಿನಕ್ಕೆ ಇಪ್ಪತ್ತೆರಡು ನಿಮಿಷ, ಮೆಲ್ಲಗೆ, ಮೆಲುಕು ಹಾಕುತ್ತ.

ಇದರಿಂದ ಏನಾಯಿತು, ತಮ್ಮ ಕೇಳುತ್ತಾನೆ.
ಕೆಳಮನೆಯವಳು ನನ್ನನ್ನು ಕಂಡರೆ ಲಿಫ್ಟಿನ ಬಾಗಿಲು ಮುಚ್ಚುತ್ತಾಳೆ,
ನಮ್ಮ ಮಕ್ಕಳ ಬೆನ್ನ ಹಿಂದೆ ಬೇಹುಗಾರಿಕೆಯಂತೆ.
ನನ್ನ ಮಗನೂ ಒಂದು ಚಳಿಗಾಲ
ಇಂಥದ್ದೇ ಗೇಟಿನ ಕೀಲಿ ಹಿಡಿದಿದ್ದ.
ಎಷ್ಟು ಹೊತ್ತಿಗೆ ತೆರೆಯುತ್ತಿದ್ದೆ ಎಂದು
ನಾನು ಕೇಳಿಲ್ಲ.

ಹೋದ ವಾರ ದಾರಿಯಲ್ಲಿ ಟೈರು ಪಂಕ್ಚರ್.
ಜಾಕ್ ಸಿಗದೆ, ಸಿಕ್ಕಿ, ತಿರುಗದೆ
ತಲುಪಿದಾಗ ಆರೂವರೆ. ಗೇಟಿಗೆ ಬೀಗ,
ಟ್ರ್ಯಾಕ್ಟರಿನ ಧೂಳೂ ಕೂತಾಗಿತ್ತು.
ಆ ದಿನದ ಪುಟ ಖಾಲಿ ಬಿಡುವುದೋ,
ಗೊತ್ತಿಲ್ಲ ಎಂದು ಬರೆಯುವುದೋ ತಿಳಿಯದೆ
ಕಲ್ಲಿನ ಮೇಲೆ ಕೂತೆ.

ಹೊಲದಿಂದ ಅಬೂ ನಾಸಿಫ್ ಬಂದ.
ಹೈಫಾದ ಕಟ್ಟಡಗಳಲ್ಲಿ ಸಿಮೆಂಟು ಕಲಸುತ್ತ ಕಲಿತ ನನ್ನ ಭಾಷೆ,
ಅದರಲ್ಲಿ ಕಲಿತ ಬೈಗುಳವೇ ಹೆಚ್ಚು ಎನ್ನುತ್ತಾನೆ.
ಜೇಬಿನಿಂದ ಸಿಗರೇಟಿನ ಪ್ಯಾಕು ತೆಗೆದ,
ಬಿಚ್ಚಿದ, ಒಳಮೈ ತೋರಿಸಿ ಓದಿದ:
'ಐದು ನಲವತ್ನಾಲ್ಕು. ಜನ ಮೂವತ್ತೆಂಟು.
ಬುಧವಾರದವಳು: ಗೈರು.'

ಅವನು ನಕ್ಕನೋ ಇಲ್ಲವೋ, ಬಿಸಿಲು ಅವನ ಹಿಂದಿತ್ತು.
ಇನ್ನೊಂದು ಪ್ಯಾಕು. ಮಂಗಳವಾರ. ಗುರುವಾರ.
ಹಬ್ಬದ ದಿನ, ಗೇಟೇ ತೆರೆಯದ ಒಂಬತ್ತು ದಿನ.
ಮಳೆಗೆ ಶಾಯಿ ಕದಡಿದ ಒಂದು ಫೆಬ್ರವರಿ.
ಮನೆಯಲ್ಲಿ ಬೂಟಿನ ಡಬ್ಬಿ ತುಂಬ ಇವೆಯಂತೆ,
ಹನ್ನೊಂದು ವರ್ಷದ್ದು.
ಸಿಗರೇಟು ಬಿಡಬೇಕು ಎಂದು ಹೆಂಡತಿ ಜಗಳ ತೆಗೆದಾಗ
ಎಲ್ಲಿ ಬರೆಯಲಿ ಎನ್ನುತ್ತಾನಂತೆ.

ಏಳು ದಿನದಲ್ಲಿ ಒಂದು ದಿನ ನೋಡಿ
ಸಾಕ್ಷಿ ಎಂದುಕೊಂಡಿದ್ದೆ.
ಪುಸ್ತಕ ಬಿಚ್ಚಿ ಅವನು ಹೇಳಿದಂತೆ ಬರೆದೆ,
ಉಕ್ತಲೇಖನದ ಮಗುವಿನ ಹಾಗೆ, ನಡುನಡುವೆ ಕೇಳಿ,
ಕೊನೆಯ ಸಾಲನ್ನೂ ಬಿಡದೆ.

ಹೊರಡುವಾಗ ಅವನೇ ಕೇಳಿದ:
ಎರಡು ಪೆನ್ನು ತರುತ್ತೀಯಲ್ಲ, ಒಂದು ಕೊಡು.
ಕೊಟ್ಟೆ.
ಏಣಿ ಇನ್ನೂ ಬೇಲಿಗೆ ಒರಗಿಯೇ ಇತ್ತು,
ಕೆಳಗಿನ ಮೆಟ್ಟಿಲಿಗೆ ಯಾರೋ ಕತ್ತೆ ಕಟ್ಟಿದ್ದರು.
ಯಾವ ಪೆನ್ನು ಕೊಟ್ಟೆನೆಂದು ತಿಳಿದದ್ದು
ಈ ಬುಧವಾರ, ಐದೂವರೆಗೆ:
ನನ್ನಲ್ಲಿ ಉಳಿದದ್ದು ಚಳಿಗೆ ಬರೆಯುತ್ತಿರಲಿಲ್ಲ.